ಜಾರದ ಭಾರ

ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿಯಿತು. ಅದನ್ನು ಟಿವಿಯಲ್ಲಿ ಕಂಡ ತಿಪಟೂರು ಸೀಮೆಯ ತೋಟದವರು ಕೇಳಿದರೆ ತಪ್ಪೇನೂ ಇಲ್ಲದ ಪ್ರಶ್ನೆ ಒಂದಿದೆ: 'ಚಂದ್ರನ ಮೇಲೆ ಇಳಿಸ್ತಾರಂತೆ, ನಮ್ಮ ಮರದ ಮೇಲಿಂದ ನಾಲ್ಕು ಕಾಯಿ ಇಳಿಸೋ ಮಿಷನ್ ಮಾಡೋಕಾಗಲ್ವಾ?'

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಕಾಯಿ ಕೆಡವುವವರು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಬಿದಿರ ಗಳಕ್ಕೆ ಕುಡುಗೋಲು ಕಟ್ಟಿ ನೆಲದಲ್ಲೇ ನಿಂತು ಕೆಡವಬಹುದು, ಆದರೆ ಹಳೆಯ ಎತ್ತರದ ಮರಗಳಿಗೆ ಗಳ ಎಟುಕುವುದಿಲ್ಲ. ಹತ್ತುವವರು ಬೇಕು. ಬಿದ್ದರೆ ಬದುಕು ಮುರಿಯುವ ಕೆಲಸವಾದ್ದರಿಂದ ಹತ್ತುವವರ ಮಕ್ಕಳು ಈ ಕೆಲಸಕ್ಕೆ ಬರಲು ಒಪ್ಪುವುದಿಲ್ಲ. ಒಪ್ಪಬೇಕೆಂದು ಕೇಳುವ ಹಕ್ಕು ಕೂಡ ಯಾರಿಗೂ ಇಲ್ಲ.

ಹಾಗಾಗಿ ಈ ಸೀಮೆಯ ಶಾಲೆಯಲ್ಲಿ ಒಂದು ತರಗತಿ ಸೇರಿ ರೋಬೋ ಮಾಡುವುದಾದರೆ ಅದು ಗೆರೆ ಹಿಡಿದು ಓಡುವ ಪುಟ್ಟ ಕಾರಾಗುವುದಕ್ಕಿಂತ ಮರ ಹತ್ತುವ ರೋಬೋ ಆಗಲಿ ಎಂಬುದು ನನ್ನ ಆಸೆ. ಪೂರ್ತಿ ಮುಗಿಯದಿದ್ದರೂ ಚಿಂತೆಯಿಲ್ಲ. ಹಾದಿಯಲ್ಲೇ ಮಕ್ಕಳ ಕೈಗೆ ಒಂದು ಸೊಗಸಾದ ಭೌತಶಾಸ್ತ್ರ ಸಿಗುತ್ತದೆ. ಈ ಅಧ್ಯಾಯ ಅದರ ಬಗ್ಗೆ.

ಕಷ್ಟ ಎಲ್ಲಿದೆ?

ಮೊದಲು ಎಲ್ಲರ ಮನಸ್ಸಿಗೂ ಬರುವುದು ಮೋಟಾರಿನ ಶಕ್ತಿ. ಅಷ್ಟೆತ್ತರಕ್ಕೆ ಭಾರ ಹೊತ್ತೊಯ್ಯಲು ದೊಡ್ಡ ಎಂಜಿನ್ನೇ ಬೇಕು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ಬೇರೆಯೇ ಕಾಣುತ್ತದೆ. ಹತ್ತು ಕಿಲೋ ತೂಕದ ಯಂತ್ರವನ್ನು 15 ಮೀಟರ್ ಎತ್ತರಕ್ಕೆ ಎತ್ತಲು ಸುಮಾರು 1500 ಜೂಲ್ ಶಕ್ತಿ ಸಾಕು. ನಮ್ಮ ಜೇಬಿನ ಮೊಬೈಲಿನ ತುಂಬಿದ ಬ್ಯಾಟರಿಯಲ್ಲಿ ಅದರ ಮೂವತ್ತು ಪಟ್ಟಿಗೂ ಹೆಚ್ಚು ಶಕ್ತಿ ಇದೆ. ಮೋಟಾರು, ಹಲ್ಲುಚಕ್ರಗಳಲ್ಲಿ ಮುಕ್ಕಾಲು ಪಾಲು ವ್ಯರ್ಥವಾದರೂ ಉಳಿದದ್ದರಲ್ಲಿ ಹಲವು ಮರ ಹತ್ತಬಹುದು.

ಕಷ್ಟವಿರುವುದು ಮರದಲ್ಲಿ. ಚಂದ್ರನ ಗುರುತ್ವ ಎಷ್ಟೆಂದು ಇಸ್ರೋದವರಿಗೆ ಹೊರಡುವ ಮೊದಲೇ ಗೊತ್ತಿತ್ತು, ಅದು ದಿನಕ್ಕೊಂದು ರೀತಿ ಬದಲಾಗುವುದಿಲ್ಲ. ಒಂದೇ ತೋಟದ ಎರಡು ತೆಂಗಿನ ಮರಗಳು ಮಾತ್ರ ಒಂದೇ ಥರ ಇರುವುದಿಲ್ಲ. ತೆಂಗು ಹುಲ್ಲು, ಜೋಳ, ಬಿದಿರಿನ ಹಾಗೆ ಏಕದಳ ಸಸ್ಯ. ಮಾವು, ಬೇವಿನ ಕಾಂಡ ವರ್ಷ ವರ್ಷ ದಪ್ಪವಾಗುವಂತೆ ತೆಂಗಿನ ಕಾಂಡ ದಪ್ಪವಾಗುವುದಿಲ್ಲ. ತುದಿಯಲ್ಲಿ ಹುಟ್ಟಿದಾಗ ಯಾವ ಸುತ್ತಳತೆ ಸಿಕ್ಕಿತೋ ಹೆಚ್ಚುಕಡಿಮೆ ಅದೇ ಕೊನೆಯವರೆಗೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಬೆಳೆದ ಭಾಗ ಸಣಕಲಾಗಿ, ನೀರು ಗೊಬ್ಬರ ಕಂಡ ವರ್ಷಗಳ ಭಾಗ ತುಂಬಿಕೊಂಡು ಇರುತ್ತದೆ. ಬರದ ನೆನಪು ಕಾಂಡದಲ್ಲೇ ಉಳಿದಿರುತ್ತದೆ. ಉದುರಿದ ಪ್ರತಿ ಗರಿಯೂ ಒಂದು ಬಳೆಗುರುತು ಬಿಟ್ಟುಹೋಗಿರುತ್ತದೆ. ಎತ್ತರದ ತಳಿಯ ಚೆನ್ನಾದ ಮರ ತಿಂಗಳಿಗೆ ಸುಮಾರು ಒಂದು ಗರಿ ಬಿಡುವುದರಿಂದ ಈ ಬಳೆಗಳನ್ನು ಎಣಿಸಿ ಮರದ ವಯಸ್ಸನ್ನು ಅಂದಾಜು ಮಾಡಬಹುದು. ಮಕ್ಕಳು ಇದನ್ನು ಖಂಡಿತ ಮಾಡಿ ನೋಡಬೇಕು.

ಇನ್ನೊಂದು ಮುಖ್ಯ ಸಂಗತಿ. ದಪ್ಪವಾಗುವ ಪದರ ಇಲ್ಲದ ಕಾರಣ ತೆಂಗಿನ ಕಾಂಡಕ್ಕೆ ಆದ ಗಾಯ ಮಾವಿನ ಮರದಲ್ಲಿ ಮುಚ್ಚಿಕೊಳ್ಳುವಂತೆ ಮುಚ್ಚಿಕೊಳ್ಳುವುದಿಲ್ಲ. ಹತ್ತುವುದಕ್ಕೆಂದು ಹಿಂದೆ ಮಚ್ಚಿನಲ್ಲಿ ಹಾಕಿದ ಕಚ್ಚುಗಳು ಮರ ಸಾಯುವವರೆಗೂ ಹಾಗೇ ಇರುತ್ತವೆ. ಕಾಂಡ ಸೋರುವ ರೋಗದ ಶಿಲೀಂಧ್ರಕ್ಕೆ ಇಂಥ ಬಿರುಕು, ಗಾಯಗಳೇ ಬಾಗಿಲು. ಆದ್ದರಿಂದ ಮೊಳೆ, ಮುಳ್ಳು ಚುಚ್ಚಿಕೊಂಡು ಹತ್ತುವ ಯಂತ್ರ ಬೇಡವೇ ಬೇಡ. ತೊಗಟೆಗೆ ಗೀರು ಬೀಳದಂತೆ ಬರೀ ಒತ್ತಿ ಹಿಡಿದು ಹತ್ತಬೇಕು. ಒತ್ತಿ ಹಿಡಿಯುವುದು ಎಂದರೆ ಘರ್ಷಣೆಯನ್ನು ನಂಬುವುದು, ಘರ್ಷಣೆ ಎಷ್ಟಿರುತ್ತದೆ ಎಂಬುದು ಒತ್ತುವ ಬಲಕ್ಕೆ ತಕ್ಕಂತೆ. ಹಾಗಾದರೆ ಅಷ್ಟು ಬಲವಾಗಿ ಒತ್ತುವವರು ಯಾರು?

ಹತ್ತುವವರ ಮೈ ಹೇಳುವುದು

ಬಲವಾದ ಸ್ಪ್ರಿಂಗ್ ಹಾಕಿ ಚಕ್ರಗಳನ್ನು ಕಾಂಡಕ್ಕೆ ಅದುಮುವುದು ಒಂದು ದಾರಿ. ಹಾಗೆ ಮಾಡಿದರೆ ಯಂತ್ರದ ತೂಕ ಹೆಚ್ಚಾದಷ್ಟೂ ಸ್ಪ್ರಿಂಗಿನ ಬಲ ಹೆಚ್ಚಬೇಕು. ಬಲವಾದ ಸ್ಪ್ರಿಂಗ್ ತಾಳಲು ಚೌಕಟ್ಟು ಗಟ್ಟಿಯಾಗಬೇಕು, ಗಟ್ಟಿ ಚೌಕಟ್ಟಿನಿಂದ ತೂಕ ಮತ್ತೆ ಏರುತ್ತದೆ. ಕಾಂಡ ಸಣ್ಣಗಾದಲ್ಲಿ ಸ್ಪ್ರಿಂಗ್ ಸಡಿಲವಾಗುತ್ತದೆ, ದಪ್ಪವಾದಲ್ಲಿ ಮೋಟಾರು ತಿರುಗಲು ಒದ್ದಾಡುತ್ತದೆ.

ಮರ ಹತ್ತುವವರು ಹೀಗೆ ಮಾಡುವುದಿಲ್ಲ. ಅವರನ್ನು ಪಕ್ಕದಿಂದ ನಿಂತು ನೋಡಿ. ಎರಡು ಪಾದಗಳಿಗೂ ಸೇರಿಸಿ ಹಗ್ಗದ ಕುಣಿಕೆ ಹಾಕಿಕೊಂಡಿರುತ್ತಾರೆ. ಮಲೆನಾಡು, ಕರಾವಳಿಯಲ್ಲಿ ಇದಕ್ಕೆ ತಳೆ ಎನ್ನುತ್ತಾರೆ. ಕೈಗಳು ಕಾಂಡದ ಆಚೆ ಬದಿಯನ್ನು ಬಳಸಿ ಹಿಡಿದಿರುತ್ತವೆ, ಪಾದಗಳು ಈಚೆ ಬದಿಯನ್ನು ಒತ್ತಿರುತ್ತವೆ, ಮೈ ಮಾತ್ರ ಮರದಿಂದ ಸಾಕಷ್ಟು ಹೊರಗೆ ವಾಲಿರುತ್ತದೆ. ಹೊಸಬನಿಗೆ ಇದನ್ನು ಕಂಡರೇ ಭಯ. ಅವನು ಮರವನ್ನು ಎದೆಗೆ ತಬ್ಬಿಕೊಳ್ಳುತ್ತಾನೆ. ತಬ್ಬಿದಾಗ ಹಿಡಿತವೆಲ್ಲ ತೋಳು, ತೊಡೆಗಳ ಬಿಗಿಯಿಂದಲೇ ಬರಬೇಕು. ಸ್ವಲ್ಪ ಹೊತ್ತಿಗೆ ಸ್ನಾಯು ಸೋತು ಜಾರುತ್ತಾನೆ. ಮೈ ಹೊರಗೆ ಹಾಕಿದವರಿಗೆ ಆ ದಣಿವು ಕಡಿಮೆ. ಅವರ ತೂಕವೇ ಕೈಯನ್ನು ಆಚೆ ಬದಿಗೂ ಪಾದವನ್ನು ಈಚೆ ಬದಿಗೂ ಒತ್ತುತ್ತಿರುತ್ತದೆ.

ಹೊರಗೆ ವಾಲಿದರೆ ಬೀಳಬೇಕಲ್ಲವೇ? ಹಿಡಿತ ಹೆಚ್ಚುವುದು ಹೇಗೆ?

ಓರೆಹಿಡಿತ

ಹಳೆಯ ಮರದ ಮೇಜಿನ ಡ್ರಾಯರನ್ನು ನೆನೆಯಿರಿ. ನಡುವೆ ಹಿಡಿದು ಎಳೆದರೆ ಸಲೀಸಾಗಿ ಬರುತ್ತದೆ. ಒಂದು ಮೂಲೆ ಹಿಡಿದು ಎಳೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಇನ್ನಷ್ಟು ಜೋರಾಗಿ ಎಳೆದಿರೋ, ಇನ್ನಷ್ಟು ಬಿಗಿಯಾಗುತ್ತದೆ. ಎಳೆಯುವ ಬಲ ಡ್ರಾಯರನ್ನು ಈಚೆಗೆ ತರುವ ಬದಲು ತಿರುಗಿಸಲು ನೋಡುತ್ತದೆ. ತಿರುಗಲು ಜಾಗವಿಲ್ಲದೆ ಅದರ ಒಂದು ಮೂಲೆ ಎಡಗೋಡೆಗೂ ಎದುರು ಮೂಲೆ ಬಲಗೋಡೆಗೂ ಒತ್ತಿಕೊಳ್ಳುತ್ತವೆ. ಆ ಒತ್ತಡದಿಂದ ಹುಟ್ಟಿದ ಘರ್ಷಣೆ ಎಳೆತವನ್ನು ತಡೆದು ನಿಲ್ಲಿಸುತ್ತದೆ. ಈ ಕ್ರಿಯೆಯನ್ನು ಓರೆಹಿಡಿತ ಎಂದು ಕರೆಯೋಣ.

ಈಗ ಇದನ್ನು ಮರಕ್ಕೆ ತನ್ನಿ. ಕಾಂಡದ ಸುತ್ತ ಸಡಿಲವಾಗಿ ಕೂರುವ ಒಂದು ಚೌಕಟ್ಟು, ಅದರಿಂದ ಈಚೆಗೆ ಚಾಚಿದ ಒಂದು ತೋಳು, ತೋಳಿನ ತುದಿಯಲ್ಲಿ ಭಾರ. ಭಾರ ಕೆಳಗೆ ಜಗ್ಗಿದಾಗ ಚೌಕಟ್ಟು ಓರೆಯಾಗುತ್ತದೆ. ಮೇಲಿನ ಅಂಚು ಕಾಂಡದ ಆಚೆ ಬದಿಯನ್ನು ಒತ್ತುತ್ತದೆ, ಕೆಳಗಿನ ಅಂಚು ಈಚೆ ಬದಿಯನ್ನು. ಹತ್ತುವವರ ಕೈ ಮತ್ತು ಪಾದ ಇದ್ದದ್ದು ಸರಿಯಾಗಿ ಇದೇ ಜಾಗಗಳಲ್ಲಿ.

ಎಷ್ಟು ಜೋರಾಗಿ ಒತ್ತುತ್ತದೆ ಎಂಬುದನ್ನು ತೀರ್ಮಾನಿಸುವ ಅಳತೆಗಳು ಎರಡು. ಭಾರ ಕಾಂಡದ ನಡುವಿನಿಂದ ಎಷ್ಟು ದೂರ ಇದೆ ಎಂಬುದು ಒಂದು, ಒತ್ತುವ ಆ ಎರಡು ಅಂಚುಗಳ ನಡುವೆ ಮೇಲೆ ಕೆಳಗೆ ಎಷ್ಟು ಅಂತರ ಇದೆ ಎಂಬುದು ಇನ್ನೊಂದು. ಭಾರ ದೂರ ಹೋದಷ್ಟೂ ಒತ್ತಡ ಹೆಚ್ಚು, ಅಂಚುಗಳ ಅಂತರ ಹೆಚ್ಚಿದಷ್ಟೂ ಒತ್ತಡ ಕಡಿಮೆ. ರಬ್ಬರು ಹಾಕಿದ ಅಂಚು ಒಣ ತೊಗಟೆಯ ಮೇಲೆ ತನ್ನ ಮೇಲಿನ ಒತ್ತಡದ ಅರ್ಧದಷ್ಟು ಘರ್ಷಣೆ ಕೊಡುತ್ತದೆ ಎಂದಿಟ್ಟುಕೊಳ್ಳಿ. ಅಂಚುಗಳ ಅಂತರ ಒಂದು ಗೇಣಾದರೆ ಭಾರವೂ ಕಾಂಡದ ನಡುವಿನಿಂದ ಕನಿಷ್ಠ ಒಂದು ಗೇಣು ದೂರ ಇರಬೇಕು. ಮಳೆಯಲ್ಲಿ ತೊಯ್ದು ಘರ್ಷಣೆ ಅರ್ಧಕ್ಕೆ ಇಳಿದರೆ ಎರಡು ಗೇಣು ಬೇಕಾಗುತ್ತದೆ.

ಈ ಲೆಕ್ಕದಲ್ಲಿ ಭಾರ ಎಷ್ಟು ಕಿಲೋ ಎಂಬುದು ಎಲ್ಲೂ ಬರಲೇ ಇಲ್ಲ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಇದೇ. ಭಾರ ಎರಡು ಪಟ್ಟಾದರೆ ಜಾರಿಸುವ ಬಲ ಎರಡು ಪಟ್ಟಾಗುತ್ತದೆ, ಒತ್ತಡವೂ ಎರಡು ಪಟ್ಟಾಗುತ್ತದೆ, ಘರ್ಷಣೆಯೂ ಅಷ್ಟೇ ಏರುತ್ತದೆ. ಜಾರದೆ ನಿಂತ ಚೌಕಟ್ಟಿನ ಮೇಲೆ ಇನ್ನೆಷ್ಟು ಹೇರಿದರೂ, ಕಬ್ಬಿಣ ಬಾಗುವವರೆಗೆ, ತೊಗಟೆ ಜಜ್ಜಿ ಹೋಗುವವರೆಗೆ, ಅದು ಜಾರುವುದಿಲ್ಲ. ಜಾರುವ ಅಳತೆಯಲ್ಲಿ ಮಾಡಿದ ಚೌಕಟ್ಟು ಹಗುರವಾಗಿದ್ದರೂ ಜಾರುತ್ತದೆ. ಹಿಡಿತ ಇರುವುದು ಆಕಾರದಲ್ಲಿ.

ಇಟ್ಟಿಗೆ, ಪೈಪು, ಸೈಕಲ್ ಟ್ಯೂಬು

ಇದನ್ನು ತರಗತಿ ನಂಬಬೇಕಾಗಿಲ್ಲ, ಮಾಡಿ ನೋಡಬಹುದು. ದಪ್ಪನೆಯ ಪಿವಿಸಿ ಪೈಪನ್ನು ನೆಟ್ಟಗೆ ನಿಲ್ಲಿಸಿ ಭದ್ರವಾಗಿ ಕಟ್ಟಬೇಕು. ನಾಲ್ಕು ಮರದ ಪಟ್ಟಿಗಳಿಂದ ಚೌಕಟ್ಟು, ಒಂದು ಉದ್ದ ಪಟ್ಟಿಯಿಂದ ತೋಳು. ತೋಳಿಗೆ ಎರಡೆರಡು ಅಂಗುಲಕ್ಕೊಂದು ತೂತು. ಇಟ್ಟಿಗೆಯನ್ನು ಹಗ್ಗದಲ್ಲಿ ಕಟ್ಟಿ ಮೊದಲು ಪೈಪಿಗೆ ಹತ್ತಿರದ ತೂತಿನಲ್ಲಿ ತೂಗುಹಾಕಿದರೆ ಚೌಕಟ್ಟು ಸರ್ರನೆ ಜಾರಿ ಬೀಳುತ್ತದೆ. ತೂತಿನಿಂದ ತೂತಿಗೆ ದೂರ ಸರಿಸುತ್ತ ಹೋದಂತೆ ಒಂದು ಕಡೆ ನಿಂತುಬಿಡುತ್ತದೆ. ಆ ತೂತಿನ ಪಕ್ಕ ಗುರುತು ಹಾಕಿ. ಈಗ ಎರಡು ಇಟ್ಟಿಗೆ ಕಟ್ಟಿ, ಮೂರು ಕಟ್ಟಿ. ಗುರುತು ಬದಲಾಗುವುದಿಲ್ಲ. ಪೈಪಿಗೆ ನೀರು ಸುರಿದರೆ ಬದಲಾಗುತ್ತದೆ. ಚೌಕಟ್ಟಿನ ಅಂಚಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿದರೆ ಮತ್ತೆ ಬದಲಾಗುತ್ತದೆ. ತೆಂಗಿನ ನಾರಿನ ಹಗ್ಗ ಸುತ್ತಿದರೆ ಏನಾಗುತ್ತದೆಂದು ಇಲ್ಲಿ ಬರೆಯುವುದಿಲ್ಲ, ಅದನ್ನು ಮಕ್ಕಳೇ ಕಂಡುಕೊಳ್ಳಲಿ. ಚೌಕಟ್ಟಿನ ಕೆಳಗೆ ಯಾರೂ ಕಾಲಿಡದಂತೆ ಒಬ್ಬರು ನೋಡಿಕೊಳ್ಳಬೇಕು.

ಕೇಂದ್ರದ ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಶುರುವಾದ ಮೇಲೆ ದೇಶದ ಸುಮಾರು ಹತ್ತು ಸಾವಿರ ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬುಗಳು ಬಂದಿವೆ. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೆಂದು ಮಾಡಿದ ಈ ಲ್ಯಾಬುಗಳಿಗೆ 20 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಮೋಟಾರು, ಸೆನ್ಸರ್, ಆರ್ಡುಯಿನೊ ಬೋರ್ಡು, 3ಡಿ ಪ್ರಿಂಟರ್ ಎಲ್ಲ ಇರುತ್ತವೆ. ಒಳ್ಳೆಯದೇ. ಆದರೆ ಕಿಟ್ಟಿನ ಡಬ್ಬಿ ತೆರೆದು ಪುಸ್ತಕದಲ್ಲಿರುವ ಕ್ರಮದಲ್ಲಿ ತಂತಿ ಜೋಡಿಸಿದರೆ ಎಲ್ಲ ಶಾಲೆಯಲ್ಲೂ ಒಂದೇ ರೋಬೋ ಹುಟ್ಟುತ್ತದೆ. ಈ ಕೆಲಸದ ಮೊದಲ ತಿಂಗಳು ಇಟ್ಟಿಗೆ, ಪೈಪಿನದೇ ಆಗಿರಲಿ. ಲ್ಯಾಬು ಬಾರದ ಶಾಲೆಗೂ ಅಷ್ಟು ಸಾಧ್ಯ.

ತರಗತಿಯಲ್ಲಿ ಮರ ಹತ್ತುವವರ ಮಗನೋ ಮಗಳೋ ಇದ್ದರೆ ವಿನ್ಯಾಸದ ಮೊದಲ ಮಾತು ಅವರದಾಗಲಿ. ಅವರ ಅಪ್ಪನನ್ನೇ ಒಂದು ದಿನ ಶಾಲೆಗೆ ಕರೆದು, ಕುರ್ಚಿ ಹಾಕಿ ಕೂರಿಸಿ, ಹೇಗೆ ಹತ್ತುತ್ತೀರಿ ಎಂದು ಕೇಳಿ ಬರೆದುಕೊಳ್ಳಬೇಕು.

ಇದೇ ಗುಟ್ಟು ಬಳಸಿದವರು

ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ. ಜೆ. ಜೋಸೆಫ್ ಮಾಡಿದ ಹತ್ತುಯಂತ್ರ ಈಗ ನಮ್ಮ ಕಡೆಯೂ ಸಿಗುತ್ತದೆ. ಅದರಲ್ಲಿ ಮೋಟಾರೇ ಇಲ್ಲ. ಎಡಗಾಲಿಗೊಂದು, ಬಲಗಾಲಿಗೊಂದು ಕಬ್ಬಿಣದ ಚೌಕಟ್ಟು, ಪ್ರತಿಯೊಂದರಿಂದಲೂ ಕಾಂಡವನ್ನು ಬಳಸುವ ಉಕ್ಕಿನ ಹಗ್ಗ. ಕಾಲೂರಿದ ಚೌಕಟ್ಟು ಓರೆಯಾಗಿ ಬಿಗಿಯುತ್ತದೆ. ಕಾಲೆತ್ತಿದರೆ ಭಾರ ಹೋಗಿ ಸಡಿಲವಾಗುತ್ತದೆ, ಮೇಲಕ್ಕೆ ಸರಿಸಬಹುದು. ಹೀಗೆ ಒಂದಾದ ಮೇಲೆ ಒಂದು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯುವಕ ಯುವತಿಯರಿಗೆ ಮರ ಹತ್ತುವ ತರಬೇತಿ ಶುರು ಮಾಡಿದಾಗ ಕಲಿಸಿದ್ದು ಹತ್ತುಯಂತ್ರದ ಬಳಕೆಯನ್ನೇ.

2019ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕಿನಿಂದ ಹೆಸರಾದರು. ಅಡಿಕೆ ಮರದ ಕಾಂಡ ಸಣ್ಣದು, ನುಣುಪು, ಮಳೆಗಾಲದಲ್ಲಿ ಔಷಧಿ ಹೊಡೆಯಲು ಹತ್ತಲೇಬೇಕು. ಅವರ ಯಂತ್ರದಲ್ಲಿ ಪುಟ್ಟ ಪೆಟ್ರೋಲ್ ಎಂಜಿನ್ ರಬ್ಬರ್ ಚಕ್ರಗಳನ್ನು ತಿರುಗಿಸುತ್ತದೆ. ಸವಾರ ಕೂರುವ ಆಸನ ಕಾಂಡದಿಂದ ಈಚೆಗೆ ಚಾಚಿಕೊಂಡಿದೆ. ಕೂತವರ ತೂಕ ಎಲ್ಲಿ ಬೀಳುತ್ತದೆ, ಚಕ್ರಗಳು ಕಾಂಡದ ಯಾವ ಬದಿಗೆ ಒತ್ತುತ್ತವೆ ಎಂದು ಈಗ ನೀವೇ ಚಿತ್ರ ಬರೆದು ಹೇಳಬಹುದು.

ಮನುಷ್ಯ ಹತ್ತದೆ ಯಂತ್ರವೊಂದೇ ಹತ್ತುವ ನಿಜವಾದ ರೋಬೋ ಎಂದರೆ ಅಮೃತ ವಿಶ್ವವಿದ್ಯಾಪೀಠದ ಕೇರಳ ಕ್ಯಾಂಪಸ್ಸಿನ ತಂಡ ಮಾಡಿದ 'ಅಮರನ್'. ಮರದ ಸುತ್ತ ಜೋಡಿಸುವ ಬಳೆಯಂಥ ಮೈ, ಎಂಟು ಚಕ್ರ. ಚಕ್ರಗಳು ಮೇಲೂ ಕೆಳಗೂ ಹೋಗಬಲ್ಲವು, ಕಾಂಡದ ಸುತ್ತಲೂ ತಿರುಗಬಲ್ಲವು. ಮೇಲೆ ಕತ್ತರಿಸುವ ತೋಳು. ಕೆಳಗೆ ನಿಂತವರು ಜಾಯ್‌ಸ್ಟಿಕ್ಕಿನಿಂದಲೋ ಮೊಬೈಲಿನಿಂದಲೋ ನಡೆಸುತ್ತಾರೆ. 15.2 ಮೀಟರ್ ಎತ್ತರದ ಮರದವರೆಗೆ ಅದನ್ನು ಪರೀಕ್ಷಿಸಿದ್ದಾರೆ. ನುರಿತ ಮನುಷ್ಯರು ಅದಕ್ಕಿಂತ ಬೇಗ, ಹೆಚ್ಚುಕಡಿಮೆ ಅರ್ಧ ಹೊತ್ತಿನಲ್ಲಿ ಕೆಲಸ ಮುಗಿಸಿದರು. ವರ್ಷಗಟ್ಟಲೆ ದುಡಿದ ತಂಡ ಇದನ್ನು ಮುಚ್ಚಿಡದೆ ಹೇಳಿತು ಎಂಬುದಕ್ಕೆ ನನಗೆ ಅವರ ಮೇಲೆ ಗೌರವ ಹೆಚ್ಚು.

ಯಂತ್ರ ರೋಬೋ ಆಗುವ ಜಾಗ

ಇಟ್ಟಿಗೆಯ ಚೌಕಟ್ಟಿಗೆ ಚಕ್ರ, ಮೋಟಾರು ಸೇರಿಸಿದರೆ ಅದಿನ್ನೂ ಯಂತ್ರವೇ. ಕಾಂಡ ಮೇಲೆ ಹೋದಂತೆ ಅಲ್ಲಲ್ಲಿ ಸಣ್ಣಗಾಗುತ್ತದಲ್ಲ, ಅಲ್ಲಿ ಸಡಿಲವಾದ ಚೌಕಟ್ಟು ಮೊದಲಿಗಿಂತ ಹೆಚ್ಚು ಓರೆಯಾಗುತ್ತದೆ, ತೋಳು ಜೋತುಬೀಳುತ್ತದೆ. ಜೋತಷ್ಟೂ ಭಾರ ಕಾಂಡದ ಹತ್ತಿರಕ್ಕೆ ಬರುತ್ತದೆ, ಅಂಚುಗಳ ಅಂತರವೂ ಬದಲಾಗುತ್ತದೆ. ಕೆಳಗೆ ಸರಿಯಿದ್ದ ಅಳತೆ ಮೇಲೆ ತಪ್ಪುತ್ತದೆ. ಅದನ್ನು ತಿದ್ದಬೇಕಾದರೆ ಮೊದಲು ವಾಲುವಿಕೆಯನ್ನು ಅಳೆಯಬೇಕು. ಮೊಬೈಲು ಅಡ್ಡ ಹಿಡಿದಾಗ ಪರದೆಯ ಚಿತ್ರವೂ ಅಡ್ಡವಾಗುತ್ತದೆ. ಅದಕ್ಕೆ ಕಾರಣ ಒಳಗಿರುವ, ವಾಲುವಿಕೆ ಅಳೆಯುವ ಒಂದು ಪುಟ್ಟ ಚಿಪ್. ಅಂಥದನ್ನು ತೋಳಿಗೆ ಅಂಟಿಸಿದರೆ ತೋಳು ಎಷ್ಟು ಜೋತಿದೆ ಎಂದು ಬೋರ್ಡಿಗೆ ತಿಳಿಯುತ್ತದೆ. ಜೋತರೆ ಚೌಕಟ್ಟಿನ ಆಚೆ ಬದಿಯಲ್ಲಿ ಕಾಂಡವನ್ನು ಬಳಸಿ ಕಟ್ಟಿದ ಹಗ್ಗವನ್ನು ಎಳೆದು ಬಿಗಿಮಾಡು, ಎದ್ದರೆ ಸ್ವಲ್ಪ ಬಿಡು ಎಂದು ಅದು ಇನ್ನೊಂದು ಮೋಟಾರಿಗೆ ಹೇಳುತ್ತದೆ. ಬಿಗಿಮಾಡಿದ್ದರ ಫಲ ಏನಾಯಿತೆಂದು ಮತ್ತೆ ಅಳೆಯುತ್ತದೆ. ಅಳೆದು, ತಿದ್ದಿ, ಮತ್ತೆ ಅಳೆಯುವ ಈ ಸುತ್ತು ನಿಲ್ಲದೆ ನಡೆಯಲು ಶುರುವಾದಾಗ ಅದನ್ನು ರೋಬೋ ಎನ್ನಬಹುದು. ಹತ್ತುವವರ ಅಂಗಾಲು ಈ ಕೆಲಸವನ್ನು ಅವರಿಗೇ ಗೊತ್ತಾಗದಂತೆ ಮಾಡುತ್ತಿರುತ್ತದೆ.

ಕಾಯಿ ಕೀಳುವ ತೀರ್ಮಾನವನ್ನು ಮಾತ್ರ ನಾನು ರೋಬೋಗೆ ಬಿಡಲಾರೆ. ನಮ್ಮ ಸೀಮೆಯ ಕಾಯಿ ಬಹುಪಾಲು ಹೋಗುವುದು ಕೊಬ್ಬರಿಗೆ. ಹನ್ನೊಂದು ಹನ್ನೆರಡು ತಿಂಗಳು ಪೂರ್ತಿ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಒಣಗಲು ಬಿಟ್ಟರೆ ಉಂಡೆ ಕೊಬ್ಬರಿ. ಎಳೆಯದನ್ನು ಇಳಿಸಿ ಅಟ್ಟಕ್ಕೆ ಹಾಕಿದರೆ ಒಳಗೆ ಮುರುಟಿಕೊಳ್ಳುತ್ತದೆ. ಮೇಲೆ ಹೋದವರು ಕಾಯಿಯ ಬಣ್ಣ ನೋಡುತ್ತಾರೆ, ಬಡಿದು ಸದ್ದು ಕೇಳುತ್ತಾರೆ, ಪಕ್ಕದ ಹೊಂಬಾಳೆಗೆ ಏಟು ಬೀಳದಂತೆ ಗೊನೆ ಕತ್ತರಿಸುತ್ತಾರೆ, ಸುಳಿಯಲ್ಲಿ ದುಂಬಿ ಕೊರೆದಿದೆಯೇ ಎಂದೂ ಕಂಡುಕೊಂಡು ಬರುತ್ತಾರೆ. ಆದ್ದರಿಂದ ರೋಬೋ ಮೇಲಕ್ಕೆ ಕ್ಯಾಮೆರಾ ಒಯ್ಯಲಿ, ಮೈಕೂ ಒಯ್ಯಲಿ. ಕೆಳಗೆ ನೆರಳಲ್ಲಿ ಕೂತು ನೋಡಿ, ಕೇಳಿ 'ಈ ಗೊನೆ' ಎಂದು ಹೇಳುವವರು ಇಷ್ಟು ವರ್ಷ ಮೇಲೆ ಹತ್ತುತ್ತಿದ್ದವರೇ ಆಗಿರಲಿ. ಅವರ ವಿದ್ಯೆಗೆ ಕೂಲಿ ಸಿಗಲಿ, ಬೆನ್ನಿಗೆ ಅಪಾಯ ತಪ್ಪಲಿ.

ಇಳಿಯುವುದು

ಓರೆಹಿಡಿತಕ್ಕೆ ಒಂದು ತೊಡಕಿದೆ. ಅದು ಬಿಡುವುದಿಲ್ಲ. ಬ್ಯಾಟರಿ ಸರಿಯಿದ್ದರೆ ಮೋಟಾರು ಹಿಂದಕ್ಕೆ ತಿರುಗಿ ರೋಬೋ ಇಳಿಯುತ್ತದೆ. 15 ಮೀಟರ್ ಎತ್ತರದಲ್ಲಿ ತಂತಿ ಕಿತ್ತುಬಂದರೆ? ರೋಬೋ ಬೀಳುವುದಿಲ್ಲ, ನಿಂತಲ್ಲೇ ಬಿಗಿಯಾಗಿ ನಿಂತುಬಿಡುತ್ತದೆ. ಅದನ್ನು ಇಳಿಸಲು ಮನುಷ್ಯನನ್ನೇ ಹತ್ತಿಸಿದರೆ ಇಷ್ಟೆಲ್ಲ ಮಾಡಿದ್ದು ಯಾಕೆ?

ಪರಿಹಾರ ಅದೇ ಲೆಕ್ಕದಲ್ಲಿದೆ. ಭಾರ ಹತ್ತಿರ ಬಂದರೆ ಹಿಡಿತ ಹೋಗುತ್ತದೆ ಎಂದು ಇಟ್ಟಿಗೆ ತೋರಿಸಿಕೊಟ್ಟಿದೆ. ತೋಳಿನ ಬುಡಕ್ಕೆ, ಮೇಲಕ್ಕೆ ಮಾತ್ರ ಮಡಚುವ ಹಾಗೆ, ಬಾಗಿಲಿನ ಕೀಲು ಹಾಕಿ, ತುದಿಗೆ ಹಗ್ಗ ಕಟ್ಟಿ, ಆ ಹಗ್ಗವನ್ನು ಚೌಕಟ್ಟಿನ ಮೇಲೆ ಕಾಂಡಕ್ಕೆ ಹತ್ತಿರವಾಗಿ ನಿಲ್ಲಿಸಿದ ರಾಟೆಯ ಮೇಲೆ ಹಾಯಿಸಿ ನೆಲದವರೆಗೆ ಇಳಿಬಿಡಬೇಕು. ಮೋಟಾರಿಗೆ ಕರೆಂಟು ಹೋದಾಗ ಚಕ್ರಗಳು ಲಾಕಾಗಿ ನಿಲ್ಲುವಂತಿರಬೇಕು. ಕಾರಿನ ವೈಪರ್ ಮೋಟಾರಿನಲ್ಲಿ ತಿರುಪಿನಂಥ ಹಲ್ಲುಚಕ್ರ ಇರುವುದರಿಂದ ಹೊರಗಿನ ಭಾರಕ್ಕೆ ಅದು ಸುಲಭವಾಗಿ ಹಿಂದಕ್ಕೆ ತಿರುಗುವುದಿಲ್ಲ, ಗುಜರಿಯಲ್ಲೂ ಸಿಗುತ್ತದೆ. ಕೆಳಗಿನಿಂದ ಹಗ್ಗ ಎಳೆದರೆ ತೋಳು ಮೇಲಕ್ಕೆ ಮಡಚಿ ಭಾರ ಕಾಂಡದ ಕಡೆಗೆ ಬರುತ್ತದೆ, ಹಿಡಿತ ಸಡಿಲವಾಗಿ ರೋಬೋ ಜಾರತೊಡಗುತ್ತದೆ. ವೇಗ ಹೆಚ್ಚಾಯಿತು ಅನ್ನಿಸಿದ ಕೂಡಲೇ ಹಗ್ಗ ಬಿಟ್ಟರೆ ತೋಳು ಚಾಚಿಕೊಂಡು ರೋಬೋ ಮತ್ತೆ ಕಚ್ಚಿ ನಿಲ್ಲುತ್ತದೆ. ಹಗ್ಗವನ್ನು ಚೂರು ಚೂರೇ ಎಳೆದು ಬಿಡುತ್ತ, ಮೊಳ ಮೊಳವಾಗಿ ಇಳಿಸಿಕೊಳ್ಳಬಹುದು. ಮೋಟಾರು ಜೋಡಿಸುವ ಮೊದಲೇ ಈ ಹಗ್ಗ ಇರಬೇಕು. ಮರದಲ್ಲಿ ಅದರ ಮೊದಲ ಪರೀಕ್ಷೆ ಎದೆಮಟ್ಟಕ್ಕಿಂತ ಮೇಲೆ ಬೇಡ, ಬುಡದಲ್ಲಿ ಒಂದು ಹೊರೆ ಹುಲ್ಲು ಹಾಸಿರಲಿ.